ಎತ್ತರ ನಿಂತ ಹುಡುಗಿ: ಡೊಂಬಿವಲಿಯ ಒಂದು ಥೈರಾಯ್ಡ್ ಪ್ರಕರಣ

ಒಂಬತ್ತನೇ ತರಗತಿಯ ಹುಡುಗಿ, ವಯಸ್ಸು 14. ಅಪ್ಪ ಠಾಣೆಯ ಒಂದು ಹೋಟೆಲಿನಲ್ಲಿ ಕ್ಯಾಶಿಯರ್, ಅಮ್ಮ ಮನೆಯಲ್ಲೇ ಸೀರೆಗಳಿಗೆ ಫಾಲ್ ಹಾಕಿಕೊಡುತ್ತಾರೆ. ಕುಂದಾಪುರದ ಕಡೆಯವರು. ಡೊಂಬಿವಲಿ ಪೂರ್ವದಲ್ಲಿ ಒನ್ ರೂಮ್ ಕಿಚನ್ ಮನೆ. ಅಜ್ಜಿ, ತಮ್ಮ ಸೇರಿ ಐದು ಜನ. ಮನೆಯವರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿ ಬರೆಯುತ್ತಿದ್ದೇನೆ.

ನನ್ನ ದವಾಖಾನೆಗೆ ಅವರು ಬಂದದ್ದು ಟಾನಿಕ್ ಬದಲಾಯಿಸಿಕೊಳ್ಳಲಿಕ್ಕೆ. ಹಿಮೋಗ್ಲೋಬಿನ್ 9.1 ಇತ್ತು, ಕಬ್ಬಿಣದ ಮಾತ್ರೆ ಕೊಟ್ಟು ತಿಂಗಳುಗಳೇ ಆಗಿದ್ದವು, ಏರಿರಲಿಲ್ಲ. “ಇವಳಿಗೆ ಬೆಳಿಗ್ಗೆ ಏಳ್ಲಿಕ್ಕೇ ಆಗೂದಿಲ್ಲ ಡಾಕ್ಟ್ರೇ. ಒಳ್ಳೆ ಟಾನಿಕ್ ಇದ್ರೆ ಬರ್ದು ಕೊಡಿ” ಎಂದರು ಅಮ್ಮ. ಹುಡುಗಿ ಪಕ್ಕದ ಕುರ್ಚಿಯಲ್ಲಿ ಸುಮ್ಮನೆ ಕೂತಿದ್ದಳು. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ಆದರೆ ಪ್ರತಿ ಉತ್ತರಕ್ಕೂ ಮುಂಚೆ ಒಂದು ಸಣ್ಣ ವಿರಾಮ. ದನಿ ಸ್ವಲ್ಪ ಒಡೆದಿತ್ತು. ಮುಖ ಊದಿಕೊಂಡಂತಿತ್ತು, ಕಣ್ಣಿನ ಸುತ್ತ ಹೆಚ್ಚು.

ಒಂದೊಂದಾಗಿ ಕೇಳುತ್ತಾ ಹೋದಾಗ ಹಿಂದಿನ ಎರಡು ವರ್ಷದ ಕತೆ ಹೊರಬಂತು. ಕೂದಲು ಉದುರುತ್ತಿದೆ ಎಂದು ಪಾರ್ಲರಿನವರು ಹೇಳಿದ ಎಣ್ಣೆ ಹಚ್ಚಿದ್ದರು, ಅದು ಹಿಡಿಯದಾಗ ಮೆಡಿಕಲ್ ಅಂಗಡಿಯಿಂದ ಬಯೋಟಿನ್ ಮಾತ್ರೆ ತಂದಿದ್ದರು. ಮಲಬದ್ಧತೆಗೆ ಅಜ್ಜಿಯ ತ್ರಿಫಲಾ ಚೂರ್ಣ. ಮುಟ್ಟು ಶುರುವಾದಾಗಿನಿಂದ ಎಂಟು–ಹತ್ತು ದಿನ ಸ್ರಾವ. ಅದಕ್ಕೆ ಒಬ್ಬರು ಡಾಕ್ಟರು ರಕ್ತ ನಿಲ್ಲುವ ಮಾತ್ರೆ ಕೊಟ್ಟು, ಮೊದಲೆರಡು ವರ್ಷ ಹೀಗೇ ಇರುತ್ತದೆ ಎಂದಿದ್ದರು. ಮಾರ್ಕು ಇಳಿದದ್ದಕ್ಕೆ ಟ್ಯೂಷನ್ ಕ್ಲಾಸ್ ಬದಲಾಗಿತ್ತು. ತೂಕ ಏರಿದ್ದಕ್ಕೆ ರಾತ್ರಿಯ ಅನ್ನ ನಿಂತಿತ್ತು. ಇವುಗಳಲ್ಲಿ ಯಾವುದನ್ನೂ ಅವಿವೇಕ ಎನ್ನಲಾರೆ. ಬಿಡಿಬಿಡಿಯಾಗಿ ನೋಡಿದರೆ ಎಲ್ಲಕ್ಕೂ ಸುಲಭವಾದ ವಿವರಣೆ ಇತ್ತು: ವಯಸ್ಸು, ಶಾಲೆಯ ಒತ್ತಡ, ಮೊಬೈಲು, ರಕ್ತ ಕಡಿಮೆ. ತೊಂದರೆ ಎಲ್ಲಾಯಿತೆಂದರೆ, ಒಂದೊಂದು ದೂರನ್ನೂ ಒಬ್ಬೊಬ್ಬರು ಕೇಳಿದರು. ಎಲ್ಲವನ್ನೂ ಒಂದೇ ಕಾಗದದ ಮೇಲೆ ಬರೆದು ನೋಡಿದವರು ಯಾರೂ ಇರಲಿಲ್ಲ.

ಇಷ್ಟು ಹೊತ್ತಿಗೆ ಜೊತೆಗೆ ಬಂದಿದ್ದ ತಮ್ಮ ಬಾಯಿ ಹಾಕಿದ. “ಅಕ್ಕ ಫ್ಯಾನ್ ಹಾಕ್ಲಿಕ್ಕೇ ಬಿಡೂದಿಲ್ಲ. ಗೋಧಡಿ ಹೊದ್ಕೊಂಡು ಮಲಗ್ತಾಳೆ.” ಆಗ ಮೇ ತಿಂಗಳು. ಮುಂಬಯಿಯ ಮೇ ತಿಂಗಳು ಎಂಥದ್ದು ಎಂದು ಗೊತ್ತಿರುವವರಿಗೆ ಆ ಮಾತಿನ ತೂಕ ತಿಳಿಯುತ್ತದೆ. ಮನೆಯಲ್ಲಿ ಇದು ಅಕ್ಕ–ತಮ್ಮಂದಿರ ರಾತ್ರಿ ಜಗಳವಾಗಿತ್ತೇ ಹೊರತು ಕಾಯಿಲೆಯ ಮಾತಾಗಿರಲಿಲ್ಲ.

ಪರೀಕ್ಷೆ ಮಾಡಿದೆ. ನಾಡಿ ನಿಮಿಷಕ್ಕೆ 58. ಆ ವಯಸ್ಸಿಗೆ ನಿಧಾನ, ಅವಳೇನೂ ಓಟಗಾರ್ತಿಯಲ್ಲ. ಚರ್ಮ ಒಣಗಿ ಮೊಣಕೈಯಲ್ಲಿ ಒರಟಾಗಿತ್ತು. ಒಂದು ಲೋಟ ನೀರು ಕೊಟ್ಟು, ತಲೆ ಸ್ವಲ್ಪ ಹಿಂದಕ್ಕೆ ಮಾಡಿ ಕುಡಿಯಲು ಹೇಳಿದೆ. ಗುಟುಕು ಇಳಿಯುವಾಗ ಕತ್ತಿನ ಮುಂಭಾಗದಲ್ಲಿ, ಎರಡು ಕಾಲರ್ ಎಲುಬು ಸೇರುವ ಜಾಗದ ಸ್ವಲ್ಪ ಮೇಲೆ, ಅಗಲವಾದ ಒಂದು ಉಬ್ಬು ಮೇಲೆದ್ದು ಕೆಳಗಿಳಿಯಿತು. ಮುಟ್ಟಿದರೆ ನೋವಿಲ್ಲ, ರಬ್ಬರಿನಷ್ಟು ಗಟ್ಟಿ. ಅದು ದೊಡ್ಡದಾದ ಥೈರಾಯ್ಡ್ ಗ್ರಂಥಿ. ಕೊನೆಗೆ ಕುರ್ಚಿಯ ಮೇಲೆ ಮೊಣಕಾಲೂರಿ, ಪಾದ ಹೊರಗೆ ಇಳಿಬಿಟ್ಟು ನಿಲ್ಲಿಸಿ, ಹಿಮ್ಮಡಿಯ ಮೇಲಿನ ಸ್ನಾಯುರಜ್ಜಿಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದೆ. ಪಾದ ಚಕ್ಕನೆ ಹಿಂದಕ್ಕೆ ಹೋಯಿತು, ಆದರೆ ಮತ್ತೆ ತನ್ನ ಜಾಗಕ್ಕೆ ಬರುವಾಗ ಎಳೆದುಕೊಂಡು, ತಡೆತಡೆದು ಬಂತು. ಥೈರಾಯ್ಡ್ ಹಾರ್ಮೋನಿನ ಕೊರತೆ ತೀವ್ರವಾಗಿದ್ದಾಗ ಕಾಣುವ ಹಳೆಯ, ನಂಬಿಕಸ್ಥ ಗುರುತು ಇದು.

ಆಮೇಲೆ ಎತ್ತರ: 143.5 ಸೆಂಟಿಮೀಟರ್. ಅಮ್ಮನ ಎತ್ತರ 154, ಅಪ್ಪನದು 168. ಹೆಣ್ಣುಮಕ್ಕಳಿಗೆ ಅಪ್ಪನ ಎತ್ತರದಿಂದ 13 ಕಳೆದು, ಅಮ್ಮನದನ್ನು ಕೂಡಿಸಿ, ಎರಡರಿಂದ ಭಾಗಿಸಿದರೆ ಬೆಳೆದ ಮೇಲಿನ ಎತ್ತರದ ಅಂದಾಜು ಸಿಗುತ್ತದೆ. ಇವಳಿಗೆ 154.5. “ಇವಳು ಇಷ್ಟೇ ಇನ್ನು, ಮೈನೆರೆದ ಮೇಲೆ ಬೆಳೆಯೂದು ನಿಲ್ತದಲ್ಲ” ಎಂದು ಅಮ್ಮ ತಾವೇ ಸಮಾಧಾನ ಹೇಳಿಕೊಂಡರು. ಮಾತಿನಲ್ಲಿ ಸತ್ಯಾಂಶವಿದೆ, ಮೊದಲ ಮುಟ್ಟಿನ ನಂತರ ಹುಡುಗಿಯರು ಸಾಮಾನ್ಯವಾಗಿ ಕೆಲವೇ ಸೆಂಟಿಮೀಟರ್ ಬೆಳೆಯುತ್ತಾರೆ. ಆದರೆ ಇವಳ ಬೆಳವಣಿಗೆ ನಿಂತದ್ದು ಯಾವಾಗ? ಅದನ್ನು ತಿಳಿಯಲು ಶಾಲೆಯ ಪ್ರಗತಿ ಪುಸ್ತಕಗಳನ್ನು ತರಲು ಹೇಳಿದೆ. ಇಲ್ಲಿನ ಶಾಲೆಗಳ ಪ್ರಗತಿ ಪುಸ್ತಕದಲ್ಲಿ ಮಗುವಿನ ಎತ್ತರ–ತೂಕ ಬರೆಯುವ ಸಾಲು ಇರುತ್ತದೆ. ಅಪ್ಪ–ಅಮ್ಮ ಮಾರ್ಕು ನೋಡಿ ಸಹಿ ಹಾಕುತ್ತಾರೆ, ಆ ಸಾಲಿನ ಕಡೆ ಕಣ್ಣು ಹೋಗುವುದಿಲ್ಲ.

ಮರುದಿನ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಳೆಯ ಪುಸ್ತಕಗಳೆಲ್ಲ ಬಂದವು. ಹತ್ತು ವರ್ಷಕ್ಕೆ 132. ಹನ್ನೊಂದಕ್ಕೆ 138. ಹನ್ನೆರಡಕ್ಕೆ 141. ಹದಿಮೂರಕ್ಕೆ 142.5. ಮೊದಲ ಮುಟ್ಟು ಬಂದದ್ದು ಹದಿಮೂರು ತುಂಬಿದ ಮೇಲೆ. ಅಂದರೆ ಹುಡುಗಿಯರು ಸರ್ರನೆ ಬೆಳೆಯುವ ವಯಸ್ಸಿನಲ್ಲಿ, ಆ ಓಟ ಅತಿ ಜೋರಾಗಿರುವಾಗ ವರ್ಷಕ್ಕೆ ಸುಮಾರು ಎಂಟು ಸೆಂಟಿಮೀಟರ್ ಏರಬೇಕಾದ ಕಾಲದಲ್ಲಿ, ಇವಳು ಎರಡು ವರ್ಷಕ್ಕೆ ಸೇರಿ ಬೆಳೆದದ್ದು ನಾಲ್ಕೂವರೆ. ಮುಟ್ಟಿಗೂ ಇದಕ್ಕೂ ಸಂಬಂಧವಿಲ್ಲ. ಅದೇ ಅವಧಿಯಲ್ಲಿ ತೂಕ ಮಾತ್ರ ಏರಿತ್ತು.

ಈ ಜೋಡಿಯನ್ನು ಒತ್ತಿ ಹೇಳಬೇಕು. ಹೆಚ್ಚು ತಿಂದು ದಪ್ಪಗಾಗುವ ಮಕ್ಕಳು ಸಾಮಾನ್ಯವಾಗಿ ತಮ್ಮ ವಯಸ್ಸಿನವರಿಗಿಂತ ಎತ್ತರವೇ ಇರುತ್ತಾರೆ. ತೂಕ ಏರುತ್ತಾ ಎತ್ತರ ನಿಂತರೆ ಹಾರ್ಮೋನಿನ ಕಡೆ ನೋಡಲೇಬೇಕು. ದೊಡ್ಡವರ ಥೈರಾಯ್ಡಿನ ಲಕ್ಷಣಗಳನ್ನೇ ಮಕ್ಕಳಲ್ಲಿ ಹುಡುಕಿದರೆ ಈ ಅತಿ ಮುಖ್ಯವಾದದ್ದು ಕೈತಪ್ಪುತ್ತದೆ, ಏಕೆಂದರೆ ದೊಡ್ಡವರು ಬೆಳೆಯುವುದಿಲ್ಲ. ಬೆಳೆಯುವ ಮಗುವಿನಲ್ಲಿ ಎಷ್ಟೋ ಸಲ ಮೊದಲು ನಿಲ್ಲುವುದು ಎತ್ತರ. ಉಳಿದದ್ದೆಲ್ಲ ಹಿಂದಿನಿಂದ ಬರುತ್ತದೆ. ಯೂನಿಫಾರ್ಮ್ ಎರಡು ವರ್ಷ ಉದ್ದಕ್ಕೆ ಸರಿಹೋಗಿ ಸೊಂಟಕ್ಕೆ ಮಾತ್ರ ಬಿಗಿಯಾದರೆ ಉಳಿತಾಯವಾಯಿತೆಂದು ಬಿಡಬೇಡಿ.

ಮನೆಯ ಚರಿತ್ರೆ ಕೇಳಿದಾಗ ಅಜ್ಜಿ ಹೇಳಿದರು: ಉಡುಪಿಯಲ್ಲಿರುವ ಮಗಳು, ಅಂದರೆ ಹುಡುಗಿಯ ಸೋದರತ್ತೆ, ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. “ಅದು ಮದುವೆಯಾಗಿ ಮಕ್ಕಳಾದ ಮೇಲೆ ಬರೂದಲ್ವಾ ಡಾಕ್ಟ್ರೇ? ಶಾಲೆಗೆ ಹೋಗುವ ಮಕ್ಕಳಿಗೆ ಉಂಟಾ?” ಉಂಟು. ಹುಡುಗಿಯರಲ್ಲಿ ಹೆಚ್ಚು, ಹದಿಹರೆಯದಲ್ಲಿ ಹೆಚ್ಚು, ಮತ್ತು ಮನೆಯಲ್ಲಿ ಒಬ್ಬರಿಗಿದ್ದರೆ ಇನ್ನೊಬ್ಬರಿಗೆ ಬರುವ ಸಾಧ್ಯತೆ ಹೆಚ್ಚು.

ರಕ್ತ ಪರೀಕ್ಷೆಗೆ ಬರೆದದ್ದು ಟಿಎಸ್‌ಎಚ್, ಫ್ರೀ ಟಿ4 ಮತ್ತು ಆಂಟಿ ಟಿಪಿಒ (ಥೈರಾಯ್ಡಿನ ವಿರುದ್ಧ ದೇಹವೇ ತಯಾರಿಸುವ ಪ್ರತಿಕಾಯದ ಅಳತೆ). ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಟಿಎಸ್‌ಎಚ್ ಕಳಿಸಿ ಥೈರಾಯ್ಡಿಗೆ ಕೆಲಸ ಹೇಳುತ್ತದೆ. ಥೈರಾಯ್ಡ್ ತನ್ನ ಹಾರ್ಮೋನಾದ ಟಿ4 ಮಾಡಲಾರದೆ ಸೋತಷ್ಟೂ ಪಿಟ್ಯುಟರಿ ಟಿಎಸ್‌ಎಚ್ಚನ್ನು ಏರಿಸುತ್ತಾ ಹೋಗುತ್ತದೆ. ಆದ್ದರಿಂದ ಟಿಎಸ್‌ಎಚ್ ಹೆಚ್ಚು, ಫ್ರೀ ಟಿ4 ಕಡಿಮೆ ಎಂದರೆ ಥೈರಾಯ್ಡ್ ಸೋತಿದೆ ಎಂದರ್ಥ. ಟಿಎಸ್‌ಎಚ್ ಒಂದನ್ನೇ ಮಾಡಿಸಿದರೆ ಪಿಟ್ಯುಟರಿಯೇ ಕೆಟ್ಟಿರುವ ಅಪರೂಪದ ಮಗು ತಪ್ಪಿಹೋಗಬಹುದು. ಎತ್ತರ ನಿಂತ ಮಗುವಿಗೆ ಎರಡೂ ಬೇಕು.

ರಕ್ತ ಕೊಡಲು ಖಾಲಿ ಹೊಟ್ಟೆ ಬೇಕಿಲ್ಲ. ಆದರೆ ಕೂದಲಿನ ಬಯೋಟಿನ್ ಮಾತ್ರೆ ನಿಲ್ಲಿಸಿ, ಮೂರು ದಿನ ಬಿಟ್ಟು ಲ್ಯಾಬಿಗೆ ಕಳಿಸಿದೆ. ಹೆಚ್ಚು ಪ್ರಮಾಣದ ಬಯೋಟಿನ್ ಅನೇಕ ಲ್ಯಾಬುಗಳ ಯಂತ್ರಗಳಲ್ಲಿ ಟಿಎಸ್‌ಎಚ್ಚನ್ನು ಸುಳ್ಳಾಗಿ ಕಡಿಮೆ, ಟಿ4 ಅನ್ನು ಸುಳ್ಳಾಗಿ ಹೆಚ್ಚು ತೋರಿಸುತ್ತದೆ. ಕೂದಲು ಉದುರುವ ಹುಡುಗಿಯರ ಕೈಯಲ್ಲಿ ಈಗ ಈ ಮಾತ್ರೆ ಸಾಮಾನ್ಯ, ಥೈರಾಯ್ಡ್ ಪರೀಕ್ಷೆ ಬೇಕಾಗುವುದೂ ಅವರಿಗೇ. ಲ್ಯಾಬಿನವರು ಕೇಳದಿದ್ದರೂ ನೀವೇ ಹೇಳಿ.

ವರದಿ ಬಂತು. ಟಿಎಸ್‌ಎಚ್ 118. ಅದರ ಪಕ್ಕದಲ್ಲಿ ಅಚ್ಚಾದ ಸಹಜ ಮಿತಿ ಸುಮಾರು 4ರ ವರೆಗೆ. ಫ್ರೀ ಟಿ4 0.3, ಮಿತಿಗಿಂತ ಬಹಳ ಕೆಳಗೆ. ಆಂಟಿ ಟಿಪಿಒ ಯಂತ್ರ ಅಳೆಯುವ ಮಿತಿಯನ್ನೇ ಮೀರಿತ್ತು. ಕೊಲೆಸ್ಟರಾಲ್ 262, ಹದಿನಾಲ್ಕರ ಹುಡುಗಿಗೆ ಇದೆಲ್ಲಿಂದ ಬಂತೆಂದು ಅಪ್ಪ ಗಾಬರಿಯಾದರು. ಥೈರಾಯ್ಡ್ ಸೋತಾಗ ಕೊಲೆಸ್ಟರಾಲ್ ಏರುತ್ತದೆ, ಮಾತ್ರೆ ಶುರುವಾದ ಮೇಲೆ ಇಳಿಯುತ್ತದೆ. ಏರದ ಹಿಮೋಗ್ಲೋಬಿನ್ನಿಗೂ ಅರ್ಥ ಸಿಕ್ಕಿತು: ಥೈರಾಯ್ಡ್ ಕೊರತೆ ಮುಟ್ಟಿನ ಸ್ರಾವವನ್ನು ಹೆಚ್ಚಿಸುತ್ತದೆ, ಹೊಸ ರಕ್ತಕಣ ತಯಾರಾಗುವುದನ್ನೂ ನಿಧಾನಿಸುತ್ತದೆ. ಒಂದು ಕಡೆ ಸೋರುತ್ತಿರುವಾಗ ಟಾನಿಕ್ ಎಷ್ಟು ಬದಲಿಸಿದರೂ ಪ್ರಯೋಜನವಿರಲಿಲ್ಲ.

ಕಾಯಿಲೆಯ ಹೆಸರು ಹಶಿಮೊಟೊ ಥೈರಾಯ್ಡೈಟಿಸ್. ಜಪಾನಿನ ಶಸ್ತ್ರವೈದ್ಯ ಹಕಾರು ಹಶಿಮೊಟೊ 1912ರಲ್ಲಿ ಇದನ್ನು ವಿವರಿಸಿದರು. ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ಥೈರಾಯ್ಡನ್ನು ಪರಕೀಯವೆಂದು ತಿಳಿದು ನಿಧಾನವಾಗಿ ಹಾಳುಮಾಡುತ್ತದೆ. ಅಜ್ಜಿಗೆ ಕತ್ತಿನ ಉಬ್ಬು ಎಂದರೆ ಗಳಗಂಡ, ಗಳಗಂಡ ಎಂದರೆ ಉಪ್ಪಿನ ದೋಷ. ಅವರ ಕಾಲಕ್ಕೆ ಅದು ಸರಿಯೇ. ಅಯೋಡಿನ್ ಕೊರತೆಯ ಗಳಗಂಡ ಈ ದೇಶದಲ್ಲಿ ಎಷ್ಟಿತ್ತೆಂದರೆ, ಹಿಮಾಚಲದ ಕಾಂಗ್ಡಾ ಕಣಿವೆಯಲ್ಲಿ 1956ರಲ್ಲಿ ಆರಂಭವಾದ ಪ್ರಯೋಗ ಅಯೋಡಿನ್ ಸೇರಿಸಿದ ಉಪ್ಪಿನಿಂದ ಅದು ಇಳಿಯುತ್ತದೆಂದು ತೋರಿಸಿದ ಮೇಲೆ 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮವೇ ಶುರುವಾಯಿತು. ಈಗ ಉಪ್ಪಿನಲ್ಲಿ ಅಯೋಡಿನ್ ಇದೆ. ನಗರದ ಹದಿಹರೆಯದವರಲ್ಲಿ ಥೈರಾಯ್ಡ್ ಸೋಲಲು ಮುಖ್ಯ ಕಾರಣ ಈ ಹಶಿಮೊಟೊ. ಇದಕ್ಕೆ ಹೆಚ್ಚುವರಿ ಅಯೋಡಿನ್ ಮದ್ದಲ್ಲ, ಕೆಲವರಲ್ಲಿ ತೊಂದರೆಯನ್ನೇ ಹೆಚ್ಚಿಸುತ್ತದೆ. ಹಾಗೆಂದು ಅಯೋಡಿನ್ ಉಪ್ಪು ಬಿಟ್ಟು ಸೈಂಧವ ಲವಣಕ್ಕೆ ಹೋಗುವುದೂ ಬೇಡ. ಮನೆಯ ಅಡುಗೆಗೆ ಎಂದಿನ ಅಯೋಡಿನ್ ಉಪ್ಪು ಎಂದಿನಷ್ಟೇ ಸಾಕು. ಎಲೆಕೋಸು ಬಿಡಬೇಕೇ ಎಂದು ಅಮ್ಮ ಕೇಳಿದರು. ಬೇಯಿಸಿ ತಿನ್ನುವ ಪಲ್ಯಕ್ಕೆ ಯಾವ ಅಡ್ಡಿಯೂ ಇಲ್ಲ.

ಮಕ್ಕಳ ಹಾರ್ಮೋನ್ ತಜ್ಞರ ಬಳಿ ಕಳಿಸಿದೆ. ಹಣದ ಅನುಕೂಲವಿಲ್ಲದವರಿಗೆ ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ಇದಕ್ಕೆಂದೇ ವಿಭಾಗವಿದೆ, ಹತ್ತಿರದಲ್ಲೇ ಮಕ್ಕಳ ವಾಡಿಯಾ ಆಸ್ಪತ್ರೆಯೂ ಇದೆ. ತಜ್ಞರು ಎಡಗೈಯ ಎಕ್ಸ್-ರೇ ತೆಗೆಸಿ ಎಲುಬಿನ ವಯಸ್ಸು ನೋಡಿದರು: 12 ವರ್ಷದವರಷ್ಟು. ಕೇಳಲು ಕೊರತೆಯಂತಿದ್ದರೂ ಇದು ಒಳ್ಳೆಯ ಸುದ್ದಿ. ಎಲುಬು ಇನ್ನೂ ಬಲಿತಿಲ್ಲ, ಬೆಳೆಯಲು ಕಾಲವಿದೆ. ಇನ್ನೆರಡು ವರ್ಷ ತಡವಾಗಿದ್ದರೆ ಕಳೆದುಹೋದ ಎತ್ತರದ ಬಹುಪಾಲು ಹಿಂದಿರುಗುತ್ತಿರಲಿಲ್ಲ. ಗಿಡ್ಡಗಿರುವ ಹುಡುಗಿಯರಲ್ಲಿ ಟರ್ನರ್ ಸಿಂಡ್ರೋಮ್ ಎಂಬ ವರ್ಣತಂತು ದೋಷದ ಜೊತೆಗೂ ಥೈರಾಯ್ಡ್ ಬರುವುದರಿಂದ ಅದನ್ನೂ ಪರೀಕ್ಷಿಸಿ, ಇಲ್ಲವೆಂದು ಖಚಿತಪಡಿಸಿಕೊಂಡರು.

ಮದ್ದು ಲಿವೋಥೈರಾಕ್ಸಿನ್, ದಿನಕ್ಕೊಂದು ಮಾತ್ರೆ. ಕೊರತೆ ತೀವ್ರವಾಗಿದ್ದರಿಂದ ಸಣ್ಣ ಪ್ರಮಾಣದಲ್ಲಿ ಶುರುಮಾಡಿ ಹಂತಹಂತವಾಗಿ ಏರಿಸಿದರು. ಪ್ರಮಾಣ ತೂಕ, ವಯಸ್ಸು, ವರದಿ ನೋಡಿ ನಿರ್ಧಾರವಾಗುವುದು. ಅತ್ತೆಯ ಬಾಟಲಿಯಿಂದ ಎರಡು ಮಾತ್ರೆ ತಂದು ಕೊಡುವ ವಿಷಯವಲ್ಲ.

ಎರಡು ತಿಂಗಳ ನಂತರದ ವರದಿಯಲ್ಲಿ ಟಿಎಸ್‌ಎಚ್ 41ಕ್ಕೆ ಬಂದು ನಿಂತಿತ್ತು. ಇನ್ನೂ ಇಳಿಯಬೇಕಿತ್ತು. ಪ್ರಮಾಣ ಏರಿಸುವ ಮುಂಚೆ ಮನೆಯಲ್ಲಿ ಮಾತ್ರೆ ಹೇಗೆ ಕೊಡುತ್ತೀರಿ ಎಂದು ಕೇಳಿದೆ. ಚೀಟಿಯಲ್ಲಿ ಬರೆದದ್ದು ಖಾಲಿ ಹೊಟ್ಟೆಗೆ, ಬರೇ ನೀರಿನಲ್ಲಿ, ತಿಂಡಿಗೆ ಅರ್ಧದಿಂದ ಒಂದು ಗಂಟೆ ಮುಂಚೆ ಎಂದು. ಆದರೆ ಮೊಮ್ಮಗಳು ಮರೆಯಬಾರದೆಂದು ಅಜ್ಜಿ ಥೈರಾಯ್ಡ್ ಮಾತ್ರೆಯನ್ನೂ ಕಬ್ಬಿಣದ ಮಾತ್ರೆಯನ್ನೂ ಒಟ್ಟಿಗೇ, ಬೆಳಗಿನ ಹಾಲಿನ ಲೋಟದ ಪಕ್ಕ ಇಡುತ್ತಿದ್ದರು. ಕಬ್ಬಿಣ ಮತ್ತು ಕ್ಯಾಲ್ಸಿಯಂ ಹೊಟ್ಟೆಯಲ್ಲಿ ಈ ಮದ್ದನ್ನು ಹಿಡಿದಿಟ್ಟುಕೊಳ್ಳುತ್ತವೆ, ರಕ್ತಕ್ಕೆ ಸೇರಲು ಬಿಡುವುದಿಲ್ಲ. ಕನಿಷ್ಠ ನಾಲ್ಕು ಗಂಟೆ ಅಂತರ ಬೇಕು. ಥೈರಾಯ್ಡ್ ಮಾತ್ರೆ ಎದ್ದ ಕೂಡಲೇ, ಕಬ್ಬಿಣದ್ದು ರಾತ್ರಿ ಮಲಗುವಾಗ ಎಂದು ಬದಲಾಯಿಸಿದೆವು. ಪ್ರಮಾಣ ಏರಿಸದೆಯೇ ಮುಂದಿನ ವರದಿಯಲ್ಲಿ ಟಿಎಸ್‌ಎಚ್ 9ಕ್ಕೆ ಇಳಿಯಿತು.

ಇನ್ನೊಂದು ವಿಷಯಕ್ಕೆ ಮನೆಯವರು ಸಿದ್ಧರಿರಲಿಲ್ಲ. ಮೂರನೇ ತಿಂಗಳಲ್ಲಿ ಅಮ್ಮ ಬಂದು, “ಮಾತ್ರೆಯಿಂದ ಇವಳಿಗೆ ಸಿಟ್ಟು ಬಂದಿದೆ. ಮೊದ್ಲು ಪಾಪದ ಹುಡುಗಿ, ಹೇಳಿದ್ದು ಕೇಳ್ತಿದ್ಲು. ಈಗ ಎದುರು ಮಾತಾಡ್ತಾಳೆ, ಒಂದು ಕಡೆ ಕೂರೂದಿಲ್ಲ” ಎಂದರು. ದೀರ್ಘಕಾಲ ಥೈರಾಯ್ಡ್ ಇಲ್ಲದೆ ಮಂದವಾಗಿದ್ದ ಮಗು ಎಚ್ಚರಗೊಳ್ಳುವಾಗ ಹೀಗಾಗುತ್ತದೆ. ಕೆಲವು ತಿಂಗಳು ಚಡಪಡಿಕೆ, ಓದಿನಲ್ಲಿ ಗಮನ ನಿಲ್ಲದಿರುವುದು ಇರುತ್ತದೆ. ಕೂದಲೂ ಮೊದಲು ಇನ್ನಷ್ಟು ಉದುರಿ ಆಮೇಲೆ ನಿಲ್ಲಬಹುದು. ಈ ಹಂತದಲ್ಲಿ ಮಾತ್ರೆ ಬಿಟ್ಟುಬಿಡುವ ಮನೆಗಳಿವೆ, ಅದಕ್ಕೇ ಮೊದಲೇ ಹೇಳುವುದು ಒಳ್ಳೆಯದು. ನನ್ನನ್ನು ಹೆಚ್ಚು ಕಾಡಿದ್ದು ಬೇರೆ. ಎರಡು ವರ್ಷ ಈ ಹುಡುಗಿಯ ಕಾಯಿಲೆಯನ್ನು ಎಲ್ಲರೂ ಅವಳ ಒಳ್ಳೆಯ ಗುಣವೆಂದು ಹೊಗಳಿದ್ದರು. ಗಲಾಟೆ ಇಲ್ಲ, ಆಟಕ್ಕೆ ಹೋಗುವ ಹಟವಿಲ್ಲ, ಮೂಲೆಯಲ್ಲಿ ಕೂತಿರುತ್ತಾಳೆ. ಗಂಡುಮಗು ಹೀಗೆ ಕೂತಿದ್ದರೆ ಬೇಗ ಡಾಕ್ಟರ ಬಳಿ ತರುತ್ತಿದ್ದರು ಎಂದೇ ನನಗನಿಸುತ್ತದೆ.

ಅಪ್ಪನ ಪ್ರಶ್ನೆ ಕೊನೆಗೆ ಬಂತು, ಹುಡುಗಿಯನ್ನು ಹೊರಗೆ ಕೂರಿಸಿದ ಮೇಲೆ. ಜೀವನಪೂರ್ತಿ ಮಾತ್ರೆಯಾ? ಮುಂದೆ ಮದುವೆಗೆ, ಮಕ್ಕಳಿಗೆ ತೊಂದರೆಯಾ? ಊರಲ್ಲಿ ಯಾರಿಗೂ ಹೇಳದಿದ್ದರೆ ಆಗದಾ? ಇಷ್ಟು ತೀವ್ರವಾಗಿ ಸೋತ ಗ್ರಂಥಿ ಚೇತರಿಸಿಕೊಳ್ಳುವುದು ಅಪರೂಪ, ಆದ್ದರಿಂದ ಮಾತ್ರೆ ಬಹುಶಃ ಜೀವನಪೂರ್ತಿ. ದೇಹ ತಾನೇ ಮಾಡಬೇಕಿದ್ದ ಹಾರ್ಮೋನನ್ನೇ ಹೊರಗಿನಿಂದ ಕೊಡುತ್ತಿದ್ದೇವೆ. ಸರಿಯಾಗಿ ತೆಗೆದುಕೊಂಡರೆ ಮದುವೆಗೂ ಬಸಿರಿಗೂ ಅಡ್ಡಿಯಿಲ್ಲ. ಆದರೆ ಬಸಿರಾದಾಗ ಪ್ರಮಾಣ ಏರಿಸಬೇಕಾಗುತ್ತದೆ, ಮೊದಲ ವಾರಗಳಲ್ಲೇ ಪರೀಕ್ಷೆ ಬೇಕು. ಅಡಗಿಸಿಟ್ಟ ಕಾಯಿಲೆಯ ಮಾತ್ರೆ ಗಂಡನ ಮನೆಯಲ್ಲಿ ಮೊದಲು ತಪ್ಪುತ್ತದೆ, ಅದರ ಪೆಟ್ಟು ಹುಟ್ಟುವ ಮಗುವಿನ ಮೆದುಳಿಗೂ ಬೀಳಬಹುದು. ಇದನ್ನು ಅವರಿಗೆ ನೇರವಾಗಿಯೇ ಹೇಳಿದೆ. ಹುಡುಗಿಯನ್ನು ಒಳಗೆ ಕರೆದು ಅವಳಿಗೂ ಎಲ್ಲವನ್ನೂ ವಿವರಿಸಿದೆ. ಮಾತ್ರೆ ನುಂಗಬೇಕಾದವಳು ಅವಳು.

ಹಾಗಾದರೆ ಸುಸ್ತೆನ್ನುವ ಪ್ರತಿ ಮಗುವಿಗೂ ಥೈರಾಯ್ಡ್ ಪರೀಕ್ಷೆ ಬೇಕೇ? ಬೇಡ. ದಪ್ಪಗಿರುವ ಮಕ್ಕಳಲ್ಲಿ ಥೈರಾಯ್ಡ್ ಚೆನ್ನಾಗಿದ್ದರೂ ಟಿಎಸ್‌ಎಚ್ 5, 6, 7 ಎಂದು ಸ್ವಲ್ಪ ಏರಿರುವುದುಂಟು. ಅದಕ್ಕೆ ತಕ್ಷಣ ಮಾತ್ರೆ ಬೇಕಿಲ್ಲ, ಕೆಲವು ವಾರ ಬಿಟ್ಟು ಫ್ರೀ ಟಿ4 ಜೊತೆ ಮತ್ತೆ ನೋಡಬೇಕು. ಫುಲ್ ಬಾಡಿ ಚೆಕಪ್ ಪ್ಯಾಕೇಜಿನಲ್ಲಿ ಹೀಗೆ ಬಂದ ಒಂದು ಅಂಕಿಗೆ ವರ್ಷಗಟ್ಟಲೆ ಮಾತ್ರೆ ನುಂಗುತ್ತಿರುವ ಮಕ್ಕಳನ್ನೂ ಕಂಡಿದ್ದೇನೆ. ಎತ್ತರ ನಿಂತಿದೆ, ಕತ್ತು ಉಬ್ಬಿದೆ, ಮೈನೆರೆಯುವುದು ತಡವಾಗಿದೆ ಎಂದರೆ ಅದೊಂದೇ ಸಾಕು, ಪರೀಕ್ಷೆ ಮಾಡಿಸಿ. ಸುಸ್ತು, ಚಳಿ, ಮಲಬದ್ಧತೆ, ಕೂದಲು, ಅತಿ ಸ್ರಾವ ಇವುಗಳಲ್ಲಿ ಎರಡು ಮೂರು ಒಟ್ಟಿಗಿದ್ದರೂ ಮಾಡಿಸಿ. ಟೈಪ್ 1 ಮಧುಮೇಹ, ಸೀಲಿಯಾಕ್ (ಗೋಧಿ ಒಗ್ಗದ ಕಾಯಿಲೆ) ಅಥವಾ ಡೌನ್ ಸಿಂಡ್ರೋಮ್ ಇರುವ ಮಕ್ಕಳಿಗೆ ಲಕ್ಷಣವಿಲ್ಲದಿದ್ದರೂ ಆಗಾಗ ಬೇಕು. ಖಾಸಗಿ ಲ್ಯಾಬಿನಲ್ಲಿ ಟಿಎಸ್‌ಎಚ್‌ಗೆ ಕೆಲವು ನೂರು ರೂಪಾಯಿ.

ಥೈರಾಯ್ಡ್ ಅತಿಯಾಗಿಯೂ ಕೆಲಸ ಮಾಡಬಹುದು, ಆಗ ಚಿತ್ರ ತಿರುಗುಮುರುಗು: ಚೆನ್ನಾಗಿ ತಿಂದರೂ ತೂಕ ಇಳಿಯುತ್ತದೆ, ಎದೆ ಡವಡವ, ಕೈ ನಡುಕದಿಂದ ಅಕ್ಷರ ಕೆಡುತ್ತದೆ, ನಿದ್ದೆಯಿಲ್ಲ, ಕಣ್ಣು ಮುಂದೆ ಬಂದಂತೆ ಕಾಣುತ್ತದೆ. ಹತ್ತನೇ ತರಗತಿಯ ಮಕ್ಕಳಲ್ಲಿ ಇದನ್ನು ಪರೀಕ್ಷೆಯ ಟೆನ್ಷನ್ ಎಂದು ತಳ್ಳಿಹಾಕುವುದು ತೀರಾ ಸುಲಭ. ಇದಕ್ಕೆ ತಡಮಾಡಬಾರದು, ಹೃದಯಕ್ಕೆ ಹೊರೆಯಾಗುತ್ತದೆ.

ಒಂದು ವರ್ಷದ ನಂತರ ಹುಡುಗಿಯ ಎತ್ತರ 150. ಟಿಎಸ್‌ಎಚ್ 2.6, ಹಿಮೋಗ್ಲೋಬಿನ್ 12.2, ಮುಟ್ಟು ಐದು ದಿನ. 154ರ ಹತ್ತಿರ ಹೋಗಬಹುದು, ಪೂರ್ತಿ ಮುಟ್ಟುತ್ತಾಳೆಂದು ತಜ್ಞರೂ ಮಾತು ಕೊಟ್ಟಿಲ್ಲ. ಬೆಳವಣಿಗೆ ಮುಗಿಯುವ ತನಕ ನಾಲ್ಕರಿಂದ ಆರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ, ಆಮೇಲೆ ವರ್ಷಕ್ಕೊಮ್ಮೆ. ತಮ್ಮನನ್ನೂ ನೋಡಿದೆವು: ಎತ್ತರ ಸರಿಯಾಗಿ ಏರುತ್ತಿದೆ, ಟಿಎಸ್‌ಎಚ್ ಸಹಜ. ಅವನ ಎತ್ತರವನ್ನು ಆರು ತಿಂಗಳಿಗೊಮ್ಮೆ ಅಳೆದು ಬರೆದಿಡುವ ಕೆಲಸವನ್ನು ಅಮ್ಮ ವಹಿಸಿಕೊಂಡಿದ್ದಾರೆ.